ಹಿತ್ತಾಳೆಯ ಕಿಲೋ

ಜನವರಿ 4, 2025

ಡೈರಿ ಪುಕ್ಕಟೆ ಬಂದದ್ದು. ತೂಕದ ಕಾಟಾ ಮಾರುವ ಕಂಪನಿಯೊಂದು ಕೊಟ್ಟಿದೆ. ಪ್ರತಿ ಪುಟದ ತಳದಲ್ಲಿ ‘ನಂಬಿಕೆಯೇ ನಮ್ಮ ತೂಕ’ ಎಂದು ಅಚ್ಚಾಗಿದೆ. ಮೊದಲ ಮೂರು ಪುಟ ಖಾಲಿ ಬಿಟ್ಟೆ. ಬರೆಯುವಂಥದ್ದು ಏನೂ ಆಗಿರಲಿಲ್ಲ.

ಹೊಸ ವರುಷ ಬಂತು,
ಹಳೆಯ ಬೆನ್ನುನೋವು ನಿಂತಲ್ಲೇ ನಿಂತು.

ಇವತ್ತು ಕಾಶಿನಾಥ ಫೋನ್ ಮಾಡಿದ್ದ. ಗೋಕಾಕದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ಕನ್ನಡ ಸಾಲೆಯಿಂದ ಹೋಗಿ ಇಂಗ್ಲಿಷ್ ಬಿ.ಎಸ್ಸಿ.ಯ ಗೋಡೆಗೆ ಹಣೆ ಚಚ್ಚಿಕೊಂಡವರು. ಅವನು ಗೋಡೆ ಹಾರಿ ಕೌಜಲಗಿಯಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರನಾದ. ನಾನೂ ಹಾರಿದೆ, ಇಳಿದದ್ದು ಮಾತ್ರ ಮೈನೋದ್ದೀನ ಕಾಕಾನ ತಕ್ಕಡಿ ರಿಪೇರಿ ಅಂಗಡಿಯೊಳಗೆ. ಇಪ್ಪತ್ತೈದು ವರ್ಷವಾಯಿತು. ಕಾಕಾ ಅಂಗಡಿ ನನಗೆ ಬಿಟ್ಟುಕೊಟ್ಟು ಮೂಡಲಗಿಯ ಮನೆ ಸೇರಿದರು. ನಾನು ಇನ್ನೂ ಇಳಿದಲ್ಲೇ ಇದ್ದೇನೆ.

“ಲೇ ಲಗಮಣ್ಣ, ಫೆಬ್ರುವರಿ ಇಪ್ಪತ್ತೆಂಟಕ್ಕ ವಿಜ್ಞಾನ ದಿನ ಐತಿ. ನಮ್ಮ ಹುಡುಗ್ರ ಮುಂದ ನೀ ಭಾಷಣ ಮಾಡಬೇಕು.”

“ನಾ ಏನ್ ವಿಜ್ಞಾನಿ ಏನಪಾ? ಕಾಟಾ ರಿಪೇರಿಯಾಂವ.”

“ಅದಕ್ಕಽ ವಿಷಯಾನೂ ತೂಕದ್ದಽ ಹುಡುಕೇನಿ. ಬರ್ಕೋ. ನಿಸರ್ಗದ ಸ್ಥಿರಾಂಕಗಳು ಕಾಲಾಂತರದಲ್ಲಿ ಬದಲಾಗಿವೆಯೇ?”

“ಹೌದೋ ಅಲ್ಲೋ ಅಷ್ಟು ಹೇಳು. ಒಂದಽ ನಿಮಿಷದಾಗ ಮುಗಿಸಿ ಇಳೀತೀನಿ.”

“ಗೊತ್ತಿದ್ರ ನಾನಽ ಮಾಡ್ತಿದ್ನಲ್ಲೋ ಭಾಷಣಾ!”

ಜನವರಿ 12

ಕಾಶಿನಾಥ ಬಸ್ ಕಂಡಕ್ಟರನ ಕೈಯಲ್ಲಿ ಒಂದು ಕಟ್ಟು ಝೆರಾಕ್ಸ್ ಕಳಿಸಿದ್ದಾನೆ. ಎಲ್ಲ ಇಂಗ್ಲಿಷು. ಪುಟಕ್ಕೊಂದು ಚಹಾ ಬೇಕಾಗುತ್ತಿದೆ.

ತಿಳಿದದ್ದು ಇಷ್ಟು. ಬೆಳಕು ಎಷ್ಟು ಜೋರಾಗಿ ಓಡಬೇಕು, ಒಂದು ವಸ್ತು ಇನ್ನೊಂದನ್ನು ಎಷ್ಟು ಬಲವಾಗಿ ಎಳೆಯಬೇಕು, ಒಂದು ಎಲೆಕ್ಟ್ರಾನಿನೊಳಗೆ ಎಷ್ಟು ವಿದ್ಯುತ್ತು ಇರಬೇಕು ಎಂಬುದಕ್ಕೆ ನಿಸರ್ಗ ಕೆಲವು ಸಂಖ್ಯೆಗಳನ್ನು ಇಟ್ಟುಕೊಂಡಿದೆ. ‘ಯಾಕೆ ಇಷ್ಟೇ?’ ಎಂದರೆ ಯಾರಿಗೂ ಗೊತ್ತಿಲ್ಲ. ಜಗತ್ತಿಗೆ ಈಗ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ವಯಸ್ಸಂತೆ. ಅದು ಕೂಸಾಗಿದ್ದಾಗಲೂ ಈ ಸಂಖ್ಯೆಗಳು ಇಷ್ಟೇ ಇದ್ದವೋ, ಬೇರೆ ಇದ್ದವೋ? ಇದು ಪ್ರಶ್ನೆ.

ನನ್ನ ಉತ್ತರ ಸಿದ್ಧವಿದೆ. ಬದಲಾಗಿಲ್ಲ. ಬದಲಾಗುವ ವಸ್ತುವಿಗೆ ಸ್ಥಿರಾಂಕ ಎಂದು ಯಾರಾದರೂ ಹೆಸರಿಡುತ್ತಾರೆಯೇ? ನಮ್ಮ ಅಂಗಡಿಯ ಹಿತ್ತಾಳೆ ಕಿಲೋ ಇದ್ದ ಹಾಗೆ. ಕಾಕಾನ ಅಪ್ಪ ತಂದದ್ದು, ಕಾಕಾ ನನ್ನ ಕೈಗೆ ಕೊಟ್ಟದ್ದು. ಗೋಕಾಕ, ಕೊಣ್ಣೂರ, ಆ ಕಡೆ ಹುಕ್ಕೇರಿಯವರೆಗೆ ಅಂಗಡಿಗಳ ಕಬ್ಬಿಣದ ತೂಕದ ಕಲ್ಲುಗಳೆಲ್ಲ ಅದರ ಎದುರು ಕೂತು ಸರಿಯಾಗಿ ಎದ್ದು ಹೋದಂಥವು.

ಬೆಳಕಿನ ಓಟಕ್ಕೂ ಮೇರೆ ಉಂಟು,
ಶೀತಲ್ ಮಾತಿಗೆ ಎಲ್ಲಿಯ ಗಂಟು?

ಹೆಂಡತಿಗೆ ಓದಿ ಹೇಳಲಿಲ್ಲ. ಮನೆಯಲ್ಲೂ ಸ್ವಲ್ಪ ಸ್ಥಿರತೆ ಬೇಕು.

ಜನವರಿ 19

ಮಧ್ಯಾಹ್ನ ಖಡಕ್ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಹಾಳೆಯಷ್ಟು ತೆಳುವು. ಮುರಿದರೆ ‘ಚಟ್’ ಎನ್ನುತ್ತದೆ. ಎಲ್ಲಿಯವು ಎಂದು ಕೇಳಿದೆ.

“ಬಸ್ಸಿನ್ಯಾಗ ಬರ್ತಾವ್ರಿ. ಉಣ್ಣೋದು ಬಿಟ್ಟು ಊರ ಯಾಕ ಕೇಳ್ತೀರಿ?” ಎಂದಳು ಶೀತಲ್. ಮೂರನೆಯ ರೊಟ್ಟಿ ನೀಡುವಾಗ ನಿಜವಾದ ಮಾತು ಹೊರಬಂತು.

“ಯಮಕನಮರಡ್ಯಾಗ ಹೆಣ್ಣುಮಕ್ಕಳ ಸಂಘಕ್ಕ ನಿಮ್ಮ ಅಕ್ಕ ಗುಡ್ಡವ್ವನ್ನ ಅಧ್ಯಕ್ಷೆ ಮಾಡಬೇಕಂತಿದ್ರಂತ. ಹಣಮವ್ವ ಅನ್ನಾಕಿ ಒಬ್ಬಾಕಿ ಎದ್ದು, ‘ಕಲ್ಲು ಕೆರೆದು ತೂಕ ಹೊಡದಾಕಿ ಕೈಯಾಗ ಸಂಘ ಕೊಡೂದೇನ?’ ಅಂದ್ಲಂತ. ಮುಂದಿನ ತಿಂಗಳ ಮ್ಯಾಲ ನೋಡೂಣಂತ ಬಿಟ್ಟಾರ.”

“ಅದಕ್ಕೂ ನನಗೂ ಏನ್ ಸಂಬಂಧ?”

“ಏನೂ ಇಲ್ಲ ಬಿಡ್ರಿ. ಒಂದಽ ಹೊಟ್ಟ್ಯಾಗ ಹುಟ್ಟೀರಿ, ಅಷ್ಟಽ.”

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಯಮಕನಮರಡಿಯವರು ನನಗಿಂತ ಎಂಟು ವರ್ಷ ದೊಡ್ಡವರು. ಹೆದ್ದಾರಿಯ ಬದಿಗೆ ಅವರದೊಂದು ಕಿರಾಣಿ ಅಂಗಡಿ ಇತ್ತು. ಅವರ ತೂಕದ ಕಲ್ಲುಗಳನ್ನು ನಾನೇ ಸರಿಮಾಡಿ ಕೊಟ್ಟಿದ್ದೆ. ಕಬ್ಬಿಣದ ಕಲ್ಲಿನ ಹೊಟ್ಟೆಯಲ್ಲಿ ಒಂದು ತೂತಿರುತ್ತದೆ, ಅದರೊಳಗೆ ಸೀಸ. ಸೀಸ ತುಂಬಿದರೆ ತೂಕ ಏರುತ್ತದೆ, ಕೆರೆದರೆ ಇಳಿಯುತ್ತದೆ. ತೂಕ ಅಳತೆ ಇಲಾಖೆಯ ಮುಂದಿನ ಕ್ಯಾಂಪಿನಲ್ಲಿ ಅವಕ್ಕೆ ಸರಕಾರಿ ಮುದ್ರೆ ಹಾಕಿಸುವುದಿತ್ತು. ಅದಕ್ಕೆ ಮೊದಲೇ ತೂಕ ಅಳತೆಯ ಸಾಹೇಬರು ತಪಾಸಣೆಗೆ ಬಂದರು. ರಿಪೇರಿಯವನೆಂದು ನನ್ನನ್ನೂ ಜೀಪಿನಲ್ಲಿ ಕರೆತಂದಿದ್ದರು. ಕಿಲೋ ಕಲ್ಲು ತೂಗಿದರೆ ಒಂದು ಪಾಯಿಂಟ್ ಏಳು ಗ್ರಾಂ ಕಡಿಮೆ. ಕಟ್ಟೆಯ ಮುಂದೆ ಮಂದಿ ಕೂಡಿದ್ದರು. ಸಾಹೇಬರು ನನ್ನ ಮುಖ ನೋಡಿದರು. ನಾನು ಕಂಡದ್ದನ್ನು ಹೇಳಿದೆ: “ನನ್ನ ಕಡಿಂದ ಹೋಗುವಾಗ ಸರಿ ಇತ್ರಿ. ಮುಂದ ಈ ಅಂಗಡಿಯವರು ಏನ್ ಮಾಡ್ಕೊಂಡಾರೋ, ನಾ ಹ್ಯಾಂಗ ಹೇಳ್ಲಿ?”

ಒಂಬತ್ತು ವರ್ಷವಾಯಿತು. ಗಿರಾಕಿ ತಪ್ಪಿ ಅಂಗಡಿ ಮುಚ್ಚಿತು. ಅವರು ನಮ್ಮ ಹೊಸ್ತಿಲು ತುಳಿದಿಲ್ಲ, ನಾನು ಅವರದು ತುಳಿದಿಲ್ಲ. ಈಗ ಏನೋ ಎಣಿಸಿ ಮಾರುವ ಧಂದೆ ಮಾಡುತ್ತಾರಂತೆ, ತಕ್ಕಡಿ ಬೇಡದ್ದು. ಅವತ್ತು ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ನನ್ನ ಮಾಪ ಸುಳ್ಳಾಡುವುದಿಲ್ಲ.

ಜನವರಿ 29, ಅಮವಾಸ್ಯೆ

ಅಂಗಡಿಯ ಪೂಜೆ. ಹುಣಸೆಹಣ್ಣು ನೆನೆಸಿ, ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ, ಹಿತ್ತಾಳೆ ಕಿಲೋವನ್ನು ತೆಂಗಿನ ನಾರಿನಿಂದ ಕೈ ಸೋಲುವವರೆಗೆ ತಿಕ್ಕಿದೆ. ನಾನು ಅಂಗಡಿಗೆ ಬಂದ ಮೊದಲ ತಿಂಗಳಿನಿಂದ ಒಂದು ಅಮವಾಸ್ಯೆಯೂ ತಪ್ಪಿಸಿಲ್ಲ. ಮುಖ ಕಾಣುವಷ್ಟು ಹೊಳೆಯುತ್ತದೆ. ಕುಂಕುಮ, ಕಾಯಿ, ಎರಡು ಊದುಬತ್ತಿ.

ಹುಣಸೆಹಣ್ಣಿನ ಹುಳಿ,
ಹಿತ್ತಾಳೆಗೆ ಹೊಸ ಕಳಿ.

ಈ ಕಿಲೋಗೆ ಈಗ ಕೆಲಸ ಕಡಿಮೆ. ಎಲೆಕ್ಟ್ರಾನಿಕ್ ಕಾಟಾಗಳಿಗೆ ಬೇರೆ ಸ್ಟೀಲಿನ ಸೆಟ್ ಇದೆ, ಸರಕಾರಿ ಪ್ರಮಾಣಪತ್ರದ್ದು. ಆದರೂ ವಾರಕ್ಕೆ ಒಂದೆರಡು ಕಬ್ಬಿಣದ ಕಲ್ಲು ಬರುತ್ತವೆ. ಅವನ್ನು ಹಿತ್ತಾಳೆಗೆ ಸಮ ಮಾಡಿ, ಕ್ಯಾಂಪಿಗೆ ಒಯ್ಯುವ ಮುಂಚೆ ಒಂದು ಚೂರು ಸೀಸ ಹೆಚ್ಚಿಗೆ ಹಾಕುತ್ತೇನೆ. ಕಾಕಾ ಕಲಿಸಿದ ಪದ್ಧತಿ. ‘ಸಾಹೇಬರ ಕಾಟಾ ಸ್ವಲ್ಪ ಜಾಸ್ತಿ ಉಣ್ತದ, ವರ್ಷಕ್ಕೊಂದೀಟು ಏರಸ್ಕೋತ ಹೋಗು’ ಎಂದಿದ್ದರು. ನಾವು ಅದಕ್ಕೆ ‘ಸಾಹೇಬರ ಚೂರು’ ಎನ್ನುತ್ತೇವೆ. ಹಾಕಿದ ಕಲ್ಲು ಒಂದೂ ತಿರುಗಿ ಬಂದಿಲ್ಲ.

ಫೆಬ್ರುವರಿ 5

ಝೆರಾಕ್ಸಿನಲ್ಲಿ ನಮ್ಮ ಧಂದೆಯ ಸುದ್ದಿಯೇ ಸಿಕ್ಕಿತು. ಪ್ಯಾರಿಸ್ಸಿನ ಹತ್ತಿರ, ಗಾಜಿನ ಗುಮ್ಮಟದೊಳಗೆ, ಇಡೀ ಜಗತ್ತಿನ ಕಿಲೋ ಕೂತಿತ್ತಂತೆ. ಅದರದೇ ಅಚ್ಚಿನ ತಮ್ಮಂದಿರು ಬೇರೆ ಬೇರೆ ದೇಶಗಳಲ್ಲಿ. ನೂರು ವರ್ಷದ ಮೇಲೆ ಎಲ್ಲರನ್ನೂ ಕೂಡಿಸಿ ತೂಗಿದರೆ ಅಣ್ಣನಿಗೂ ತಮ್ಮಂದಿರಿಗೂ ಧೂಳಿನ ಕಣದಷ್ಟು ಫರಕು. ಅಣ್ಣ ಇಳಿದನೋ, ತಮ್ಮಂದಿರು ಏರಿದರೋ? ಹೇಳುವುದು ಸಾಧ್ಯವಿಲ್ಲ. ಯಾಕೆಂದರೆ ಕಿಲೋ ಎಂದರೆ ಅಣ್ಣನೇ. ಅವನು ಎಷ್ಟು ಸವೆದರೂ ಕಾಗದದ ಮೇಲೆ ಒಂದು ಕಿಲೋ. 2019ರಲ್ಲಿ ಅವನಿಗೆ ನಿವೃತ್ತಿ ಕೊಟ್ಟು, ನಿಸರ್ಗದ ಒಂದು ಸ್ಥಿರಾಂಕದ ಮೇಲೆ ಕಿಲೋವನ್ನು ನಿಲ್ಲಿಸಿದರು.

ಆ ಸ್ಥಿರಾಂಕವೇ ಬದಲಾದರೆ? ಇಲ್ಲಿ ನಾಲ್ಕು ಚಹಾ ಬೇಕಾಯಿತು. ಬೆಳಕಿನ ವೇಗ ಬದಲಾಯಿತೆಂದು ಹೇಳಬೇಕಾದರೆ ಮೀಟರು, ಸೆಕೆಂಡು ಬದಲಾಗಿಲ್ಲ ಎಂಬ ಭರವಸೆ ಬೇಕು. ಆ ಭರವಸೆ ಕೊಡುವವರು ಯಾರು? ಅದಕ್ಕೇ ವಿಜ್ಞಾನಿಗಳು ಅಳತೆಯ ಮಾನವಿಲ್ಲದ ಸಂಖ್ಯೆ ಹುಡುಕುತ್ತಾರೆ, ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಗ್ರಾಂ, ಮೀಟರು ಎಲ್ಲ ಕಳೆದು ಬರಿಯ ಸಂಖ್ಯೆ ಉಳಿಯುವಂಥದ್ದು. ಪರಮಾಣುವಿನೊಳಗೆ ವಿದ್ಯುತ್ತಿನ ಹಿಡಿತ ಎಷ್ಟು ಗಟ್ಟಿ ಎಂದು ಹೇಳುವ ಅಂಥ ಒಂದು ಸಂಖ್ಯೆ ಇದೆ. ಸುಮಾರು ನೂರ ಮೂವತ್ತೇಳರಲ್ಲಿ ಒಂದು ಪಾಲು. ಅದು ಎಣಿಕೆ ಇದ್ದ ಹಾಗೆ. ಹತ್ತು ರೊಟ್ಟಿ ಎಂದರೆ ಗೋಕಾಕದಲ್ಲೂ ಹತ್ತು, ನಕ್ಷತ್ರದಲ್ಲೂ ಹತ್ತು.

ಹಳೆಯ ಕಾಲದಲ್ಲಿ ಅದು ಎಷ್ಟಿತ್ತು ಎಂದು ನೋಡುವುದಕ್ಕೆ ಹಳೆಯ ಬೆಳಕು ಬೇಕು. ಸಾವಿರ ಕೋಟಿ ವರ್ಷದ ಹಿಂದೆ ಹೊರಟ ಬೆಳಕು ದಾರಿಯಲ್ಲಿ ಅನಿಲದ ಮೋಡಗಳನ್ನು ಹಾಯ್ದು ಬರುತ್ತದೆ. ಮೋಡ ಕೆಲವು ಬಣ್ಣಗಳನ್ನು ನುಂಗುತ್ತದೆ. ನುಂಗಿದಲ್ಲಿ ಕಪ್ಪು ಗೆರೆ. ಗೆರೆ ಗೆರೆಗಳ ನಡುವಿನ ಅಂತರದಲ್ಲಿ ಆ ಸಂಖ್ಯೆಯ ಗುರುತು ಇರುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಕೆಲವರು ಹಾಗೆ ನೋಡಿ, ಆಗ ಸಂಖ್ಯೆ ಚೂರು ಬೇರೆ ಇತ್ತು, ಫರಕು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಆದರೂ ಫರಕು ಫರಕೇ ಎಂದರು. ಗದ್ದಲವಾಯಿತು. ಆಮೇಲೆ ಬೇರೆಯವರು ಉಪಕರಣಗಳನ್ನೇ ಪರೀಕ್ಷಿಸಿದರು. ಗೆರೆಗಳನ್ನು ಅಳೆಯುವ ಅಳತೆಗೋಲೇ ಅಲ್ಲಲ್ಲಿ ಜಗ್ಗಿತ್ತಂತೆ. ಬದಲಾವಣೆ ಇದೆ ಎಂದು ಇಲ್ಲಿಯವರೆಗೆ ಯಾರೂ ಖಾತ್ರಿ ಮಾಡಿಲ್ಲ, ನೋಡುವುದನ್ನೂ ಬಿಟ್ಟಿಲ್ಲ.

ಕೋಲೂ ಕುಗ್ಗಿ, ಸೀರೆಯೂ ಕುಗ್ಗಿ,
ಅಳೆದವ ಮಾತ್ರ ಹಿಗ್ಗಿ ಹಿಗ್ಗಿ!

ಬರೆದು ಒಬ್ಬನೇ ನಕ್ಕೆ. ಆಮೇಲೆ ಕಪಾಟಿನ ಕಡೆ ನೋಡಿದೆ. ಸ್ಟೀಲಿನ ಕಿಲೋ ಮೇಲಿನ ಫಳಿಯಲ್ಲಿ, ಹಿತ್ತಾಳೆಯದು ಕೆಳಗೆ. ಎಂಟು ವರ್ಷದಿಂದ ಒಂದೇ ಕಪಾಟು. ಒಂದು ದಿನವೂ ಎದುರುಬದುರು ಕೂರಿಸಿಲ್ಲ. ಗುರುವನ್ನು ಯಾರು ಪರೀಕ್ಷೆಗೆ ಕೂರಿಸುತ್ತಾರೆ?

ಫೆಬ್ರುವರಿ 9

ಕೂರಿಸಿದೆ. ಹಿತ್ತಾಳೆ ಮೇಲೆ ಹೋಯಿತು.

ಫೆಬ್ರುವರಿ 10

ತಕ್ಕಡಿಯ ಮುಳ್ಳು ಒರೆಸಿ ಮತ್ತೆ ತೂಗಿದೆ. ತಟ್ಟೆಗಳನ್ನು ಅದಲು ಬದಲು ಮಾಡಿದೆ. ಸರಾಫ ಬಜಾರಿನ ಎರಡು ಅಂಗಡಿಗಳ ಕಾಟಾದಲ್ಲಿ ನೋಡಿದೆ. ಸ್ಟೀಲಿನದು ಸಾವಿರ. ಹಿತ್ತಾಳೆಯದು ಒಂಬೈನೂರ ತೊಂಬತ್ತೇಳು ಪಾಯಿಂಟ್ ನಾಲ್ಕು.

ಎರಡು ಪಾಯಿಂಟ್ ಆರು ಗ್ರಾಂ ಎಲ್ಲಿ ಹೋಯಿತು? ಯಾರು ಕದ್ದರು?

ಫೆಬ್ರುವರಿ 12

ಯಾರೂ ಕದ್ದಿಲ್ಲ. ನಾನೇ ತಿಕ್ಕಿ ತಿಕ್ಕಿ ಮೋರಿಗೆ ಚೆಲ್ಲಿದ್ದೇನೆ.

ಇಪ್ಪತ್ತೈದು ವರ್ಷಕ್ಕೆ ಮುನ್ನೂರೊಂಬತ್ತು ಅಮವಾಸ್ಯೆ. ಒಂದು ಅಮವಾಸ್ಯೆಗೆ ಎಂಟು ಮಿಲಿಗ್ರಾಂ ಚಿಲ್ಲರೆ. ಲೆಕ್ಕ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂಬತ್ತು ವರ್ಷದ ಹಿಂದಿನವರೆಗೆ ನೂರ ತೊಂಬತ್ತೆಂಟು ಅಮವಾಸ್ಯೆ ಆಗಿದ್ದವು. ಗುಣಿಸಿದೆ. ಒಂದು ಪಾಯಿಂಟ್ ಏಳು ಗ್ರಾಂ.

ಸಾಹೇಬರು ಅವತ್ತು ಓದಿ ಹೇಳಿದ ಸಂಖ್ಯೆ ಇದೇ.

ಹಾಗಾದರೆ ಉಳಿದವರ ಕಲ್ಲು ಹೇಗೆ ಸರಿ ಬಂದವು? ಸಾಹೇಬರ ಚೂರಿನಿಂದ. ಎಲ್ಲರ ಕಲ್ಲಿಗೂ ಹಾಕಿದ್ದೆ. ಗುಡ್ಡವ್ವನ ಕಲ್ಲಿಗೆ ಮಾತ್ರ ಹಾಕಿರಲಿಲ್ಲ. ನಮ್ಮವಳು, ಅವಳಿಗೆ ಯಾಕೆ ಅಡ್ಡಾದಿಡ್ಡಿ ಚೂರು, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೊಡೋಣ ಎಂದು ಅರ್ಧ ದಿನ ಕೂತು ಹಿತ್ತಾಳೆಗೆ ಸರಿಸಮ ಮಾಡಿದ್ದೆ. ಅಷ್ಟು ನಿಷ್ಠೆಯಿಂದ ಇನ್ಯಾವ ಕಲ್ಲನ್ನೂ ಮಾಡಿಲ್ಲ.

ಪ್ರಾಸ ಗೀಸ ಇವತ್ತು ಬೇಡ.

ಫೆಬ್ರುವರಿ 16, ಮೂಡಲಗಿ

ಕಾಕಾನಿಗೆ ಎಂಬತ್ತೊಂದು. ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿತ್ತಾಳೆ ಕಿಲೋ ಕೈಗೆ ಕೊಟ್ಟೆ. ಕಣ್ಣು ಮಂಜು, ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿ, “ಇಳದೈತಿ” ಎಂದರು.

“ಕಾಕಾ, ನೀವು ಇದನ್ನ ತಿಕ್ಕತಿದ್ರೇನ್ರಿ?”

“ತೋಬಾ ತೋಬಾ! ಬರಿಗೈ ಸುದ್ದಾ ಹಚ್ಚತಿರಲಿಲ್ಲ. ಮೆತ್ತನ ಅರಿವ್ಯಾಗ ಹಿಡೀಬೇಕು, ಅರಿವ್ಯಾಗ ಇಡಬೇಕು.”

“ನಾ ತಿಕ್ಕೋದು ನೋಡಿರಲಿಲ್ಲೇನು?”

“ಮೊದಲನೇ ಅಮಾಸಿಗೇ ನೋಡೇನಿ.”

“ಮತ್ತ ಯಾಕ ಹೇಳಲಿಲ್ರಿ?”

ಕಾಕಾ ಗಡ್ಡ ಸವರಿಕೊಂಡರು. “ಹ್ಯಾಂಗ ಹೇಳ್ಲಿ ಬೇಟಾ? ಕುಂಕುಮ ಹಚ್ಚಿ, ಕಾಯಿ ಒಡದು, ಕಣ್ಣ ಮುಚ್ಚಿ ಕೈ ಮುಗದು ನಿಂತಿದ್ದಿ. ನಿಮ್ಮ ಪೂಜಾದಾಗ ನಾ ನಡುವ ಬಾಯಿ ಹಾಕಿ ‘ತಿಕ್ಕಬ್ಯಾಡೋ’ ಅಂದ್ರ ಚಂದ ಕಾಣ್ತದೇನು? ಹೊಸಾ ಹುಡುಗ, ಬ್ಯಾಸರ ಮಾಡ್ಕೊಂಡು ಹೋಗೇಬಿಟ್ರ? ಕೂತು ಯೋಚನಿ ಮಾಡಿದೆ. ಚೂರು ಸೀಸ ಹೆಚ್ಚಿಗಿ ಹಾಕು, ವರ್ಷಾ ಏರಸು ಅಂದೆ. ನಿನ್ನ ಪೂಜಾನೂ ಉಳೀತು, ಮಂದಿ ತೂಕಾನೂ ಉಳೀತು.”

ಸಾಹೇಬರ ಕಾಟಾ ಜಾಸ್ತಿ ಉಣ್ಣುತ್ತಿರಲಿಲ್ಲ. ಇಪ್ಪತ್ತೈದು ವರ್ಷ ನನ್ನ ಭಕ್ತಿಗೆ ಕಾಕಾ ಮರ್ಯಾದೆಯ ತೇಪೆ ಹಚ್ಚುತ್ತ ಬಂದಿದ್ದರು.

“ಒಬ್ಬರ ಕಲ್ಲಿಗೆ ಹಾಕಲಿಲ್ಲ ಕಾಕಾ.”

“ಯಾರದಕ್ಕ?”

“ಅಕ್ಕಂದಕ್ಕ.”

ಚಹಾ ತಂದ ಸೊಸೆ ನಜೀರಾ ಅಲ್ಲೇ ನಿಂತಳು. ಆ ಸುದ್ದಿ ಈ ಮನೆಗೂ ಗೊತ್ತಿದ್ದದ್ದೇ. ಕಾಕಾ ಕಿಲೋವನ್ನು ಹೆಗಲ ಮೇಲಿನ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ, “ನನ್ನ ತಪ್ಪೂ ಐತಿ. ಅದಬ್, ಮರ್ಯಾದಿ ಅಂತ ಬಾಯಿ ಮುಚ್ಚಿಕೊಂಡೆ. ನಿಮ್ಮ ಅಕ್ಕಗ ನನ್ನ ಸಲಾಮ್ ಹೇಳು,” ಎಂದರು.

“ಹೇಳ್ತೀನ್ರಿ,” ಎಂದೆ. ಹೇಳಬೇಕಾದರೆ ಹೋಗಬೇಕು.

ಫೆಬ್ರುವರಿ 27, ಅಮವಾಸ್ಯೆ

ಶೀತಲ್ ಹುಣಸೆಹಣ್ಣು ನೆನೆಸಿ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಳು. ಹಾಗೇ ವಾಪಸು ತಂದೆ.

“ಯಾಕ್ರಿ, ಪೂಜಾ ಮಾಡಲಿಲ್ಲ?”

“ಇದನ್ನ ಸಾರಿಗೆ ಹಾಕು.”

ಅವಳಿಗೆ ಎಲ್ಲ ಹೇಳಿದೆ. ಗಂಟಿಲ್ಲದ ಮಾತಿನವಳು ಡಬ್ಬಿ ಕಸಿದುಕೊಂಡು ಒಳಗೆ ಹೋದಳು. ಅದು ಬೈಗುಳಕ್ಕಿಂತ ಭಾರ.

ಫೆಬ್ರುವರಿ 28, ಕೌಜಲಗಿ

ಭಾಷಣ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳಿದರು.

ಗೋಕಾಕ ಫಾಲ್ಸ್ ಕಡೆಯ ಒಂದು ಬಂಡೆ ಚೂರು ಒಯ್ದಿದ್ದೆ. ಮೇಲೆ ನೀರಿನ ಅಲೆಯ ಗುರುತು ಕಲ್ಲಾಗಿ ಕೂತದ್ದು, ನೂರು ಕೋಟಿ ವರ್ಷದ ಆಸುಪಾಸಿನದಂತೆ. ಘಟಪ್ರಭಾ ದಂಡೆಯ ಉಸುಕಿನಲ್ಲಿ ಇವತ್ತು ಏಳುವ ಅಲೆಯ ಹಾಗೆಯೇ ಇದೆ. “ಇದು ಪಕ್ಕಾ ಪುರಾವೆ ಅಲ್ಲ,” ಎಂದೆ, “ಆದರೆ ಆವಾಗಲೂ ನೀರು ನೀರಿನ ಹಾಗೆಯೇ, ಉಸುಕು ಉಸುಕಿನ ಹಾಗೆಯೇ ನಡೆದುಕೊಂಡಿತ್ತು ಎಂಬುದಕ್ಕೆ ಒಂದು ಸಹಿ.” ಆಫ್ರಿಕಾದ ಒಂದು ಗಣಿಯಲ್ಲಿ ನೂರ ಎಂಬತ್ತು ಕೋಟಿ ವರ್ಷದ ಹಿಂದೆ ಯುರೇನಿಯಂ ತಾನಾಗಿ ಉರಿದ ಸುದ್ದಿ ಹೇಳಿದೆ. ಅದರ ಬೂದಿಯನ್ನು ಓದಿದವರೂ, ಆ ಸಂಖ್ಯೆ ಆಗಲೂ ಬಹುಮಟ್ಟಿಗೆ ಇಷ್ಟೇ ಇತ್ತು ಎನ್ನುತ್ತಾರೆ.

ನಡುವೆ ಒಂದು ಕಥೆ ಹೇಳಿದೆ. ‘ಒಂದಾನೊಂದು ಊರಿನಲ್ಲಿ ಒಬ್ಬ ತಕ್ಕಡಿ ರಿಪೇರಿಯವ. ಅವನ ಮಾಪ ಪೂಜೆಯಿಂದಲೇ ಸವೆಯಿತು. ಒಬ್ಬ ಅಂಗಡಿಯಾಕೆಯ ಮೇಲೆ ಸುಳ್ಳು ಅಪವಾದ ಬಂತು.’ ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ಪ್ರಶ್ನೆಗಳ ಹೊತ್ತಿಗೆ ಒಂಬತ್ತನೆಯ ಇಯತ್ತೆಯ ಫರೀನ ಎಂಬ ಹುಡುಗಿ ಎದ್ದಳು.

“ಸರ್, ಆ ಅಂಗಡಿಯಾಕಿ ಮುಂದ ಏನಾದ್ಲ್ರಿ?”

“ಅದು ನಮ್ಮ ವಿಷಯಕ್ಕ ಬರೂದಿಲ್ಲವಾ,” ಎಂದೆ.

“ಆ ರಿಪೇರಿಯಾಂವ ಹೋಗಿ ಹೇಳಿದ್ನೋ ಇಲ್ಲೋ, ಅದಾರ ಹೇಳ್ರಿ?”

ಕಾಶಿನಾಥ ಗಂಟೆ ಹೊಡೆಸಿದ. ಶಾಲು ಹೊದಿಸಿದರು. ಶಾಲಿನೊಳಗೆ ಬೆವರು.

ಮಾರ್ಚ್ 2, ಯಮಕನಮರಡಿ

ಎರಡು ಕಿಲೋ, ಒಂದು ಕೈತಕ್ಕಡಿ ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಹೋದೆ. ಮನೆ ಸಿಗಲು ಕೇಳಬೇಕಾಗಲಿಲ್ಲ. ರೊಟ್ಟಿ ತಟ್ಟುವ ಸಪ್ಪಳ ಓಣಿಯ ತುದಿಗೇ ಕೇಳುತ್ತದೆ. ಅಕ್ಕ ಎಣಿಸಿ ಮಾರುವುದು ರೊಟ್ಟಿ. ಮನೆಯಲ್ಲಿ ತಕ್ಕಡಿ ಇಲ್ಲ.

ಅವಳು ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈ ನಿಲ್ಲಲಿಲ್ಲ.

“ಬಾ, ಕೂಡು. ಚೀಲದಾಗೇನೈತಿ, ಭುಜ ವಾರಿ ಆಗೈತಲ್ಲ?”

ಗೋಡೆಯ ಬದಿಗೆ ರೊಟ್ಟಿಯ ಕಟ್ಟುಗಳು. ಒಂದರ ಮೇಲೆ ಚೀಟಿ: ‘ಶೀತಲ್, ಗೋಕಾಕ ಬಸ್ ಸ್ಟ್ಯಾಂಡ’.

“ಇವು?”

“ಗೋಕಾಕದ ಗಿರಾಕಿ. ಒಂಬತ್ತು ವರ್ಷಾತು, ಒಂದು ವಾರ ತಪ್ಪಿಸಿಲ್ಲ. ಅವ್ರ ಮನ್ಯಾಗ ಒಬ್ಬಾಂವ ರೊಟ್ಟಿಗೆ ಭಾಳ ಆಶಾ ಬಡಕ ಅದಾನಂತ.”

ಕೂತು ಎಲ್ಲ ಹೇಳಿದೆ. ಅಮವಾಸ್ಯೆ, ಹುಣಸೆಹಣ್ಣು, ಕಾಕಾನ ಸಲಾಮು, ಚೂರು. ಅವಳದೊಂದಕ್ಕೇ ಚೂರು ಹಾಕದ್ದು. ತಕ್ಕಡಿ ಎತ್ತಿ ತೋರಿಸಿದೆ. ಅವಳು ನೋಡಿದಳು. ಹಂಚಿನ ಮೇಲಿನದನ್ನು ಮಗುಚಿದಳು.

“ಒಟ್ಟು ಏನಂತಿ?”

“ನೀ ಕೆರೆದಿರಲಿಲ್ಲ, ಅಕ್ಕಾ.”

“ಅದು ನನಗ ಗೊತ್ತಿದ್ದದ್ದು. ನನಗ ಗೊತ್ತಿದ್ದದ್ದು ನನಗಽ ಹೇಳಾಕ ಬಸ್ ಹತ್ತಿ ಬಂದ್ಯೇನು?”

ನಾನು ತಕ್ಕಡಿ ಇಳಿಸಿ ಚೀಲಕ್ಕೆ ಹಾಕಿದೆ.

“ಆ ಒಂದೆರಡು ಗ್ರಾಂ ಭಾರ ಆಗಲಿಲ್ಲೋ ತಮ್ಮಾ. ಅಂಗಡಿ ಹೋದದ್ದೂ ಹೋಗ್ಲಿ, ರೊಟ್ಟಿ ಹಿಡೀತು. ಅವತ್ತ ಅಷ್ಟು ಮಂದಿ ಮುಂದ ನೀ ನನ್ನ ‘ಈ ಅಂಗಡಿಯವರು’ ಅಂದಿ. ನಿನ್ನ ಕಂಕುಳಾಗ ಹೊತ್ತು ತಿರುಗ್ಯಾಡಿದಾಕಿ ನಾ. ‘ಅಕ್ಕ’ ಅನ್ನಲಿಲ್ಲ.”

ಹಾಗೆ ಅಂದಿದ್ದೆನೇ? ನನಗೆ ನೆನಪಿಲ್ಲ. ಅಂದಿರಲಿಕ್ಕಿಲ್ಲ. ಆದರೆ ಅವಳು ಸುಳ್ಳು ಹೇಳುವವಳೂ ಅಲ್ಲ.

ಏಳುವಾಗ ಹೇಳಿದಳು: “ಮುಂದಿನ ಐತವಾರ ಸಂಘದಾಕಿಗೋಳು ಕೂಡ್ತಾರ. ನನ್ನ ಹಳೇ ಅಂಗಡಿ ಕಟ್ಟಿ ಮ್ಯಾಲಽ. ಅವತ್ತ ಹೇಳಿದಲ್ಲೇ ಹೇಳು. ಇಲ್ಲಾಂದ್ರ ಬರೂದಽ ಬ್ಯಾಡ.”

ಮಾರ್ಚ್ 9

ಹೇಳಿದೆ.

ಬರೆಯುವಷ್ಟು ಸುಲಭವಾಗಿರಲಿಲ್ಲ. ಕಟ್ಟೆಯ ಮೇಲೆ ಮೂವತ್ತು ಹೆಂಗಸರು. ಬಾಜೂ ಪಾನ್ ಅಂಗಡಿಯ ಶೆಟ್ಟೆಪ್ಪ, ಅವತ್ತು ಮುಂದಿನ ಸಾಲಿನಲ್ಲೇ ನಿಂತು ನೋಡಿದವನು, ಇವತ್ತೂ ಸುಣ್ಣದ ಡಬ್ಬಿ ಹಿಡಿದುಕೊಂಡೇ ಬಂದು ನಿಂತ. ಅಕ್ಕ ಒಂದು ಮೂಲೆಯಲ್ಲಿ, ಸೆರಗು ಹೊದ್ದು, ನೆಲ ನೋಡುತ್ತ.

“ಒಂಬತ್ತು ವರ್ಷದ ಹಿಂದ ಇಲ್ಲೇ ನಿಂತು ನಾ ಒಂದು ಮಾತು ಹೇಳಿದ್ದೆ,” ಎಂದು ಸುರು ಮಾಡಿದೆ. “ಕಲ್ಲು ಕಡಿಮಿ ಇದ್ದದ್ದು ಖರೆ. ಅದನ್ನ ಕಡಿಮಿ ಮಾಡಿದಾಂವ ನಾ. ನಮ್ಮ ಅಕ್ಕ ಅಲ್ಲ.” ತಕ್ಕಡಿ ಎತ್ತಿ ಎರಡೂ ಕಿಲೋ ಕೂರಿಸಿದೆ. ಹಿತ್ತಾಳೆ ಎಲ್ಲರ ಕಣ್ಣೆದುರು ಮೇಲೆ ಹೋಯಿತು. ಯಾಕೆ ಎಂದು ಹೇಳಿದೆ. ಪೂಜೆಯ ಮಾತಿಗೆ ಕೆಲವರು ಲೊಚಗುಟ್ಟಿದರು, ಕೆಲವರು ನಕ್ಕರು.

ಹಣಮವ್ವ ಎದ್ದಳು. ನಡು ಕಟ್ಟಿದ ಸೆರಗು, ನೇರ ಬಾಯಿ.

“ಅಲ್ರೀ ಯಣ್ಣಾ, ನಿಮ್ಮ ಹಿತ್ತಾಳಿಂದು ಇಷ್ಟು ವರ್ಷ ಖರೆ ಖರೆ ಅಂದ್ರಿ, ಸುಳ್ಳಾತು. ಈ ಸ್ಟೀಲಿಂದು ಖರೆ ಅಂತ ಹ್ಯಾಂಗ ನಂಬೋದು?”

“ಇದನ್ನ ಸರಕಾರಿ ಮಾಪಿನ ಜೋಡಿ ತೂಗಿ ನೋಡ್ಯಾರ್ರಿ.”

“ಅದನ್ನ?”

“ದಿಲ್ಲಿಯಾಗಿನ ಮಾಪಿನ ಜೋಡಿ.”

“ಅದನ್ನ?”

“ಅದು ಕಡೀಕ ನಿಸರ್ಗದ ಒಂದು ಸಂಖ್ಯಾಕ್ಕ ಹೋಗಿ ನಿಂದರ್ತೈತ್ರಿ. ಯಾರೂ ಮಾಡಿದ್ದಲ್ಲ ಅದು.”

“ಅದಽ ಸವದ್ರ?”

ಕೌಜಲಗಿಯಲ್ಲಿ ಒಂದು ತಾಸು ಮಾತಾಡಿ ನಾನು ಮುಟ್ಟಿದ ಜಾಗಕ್ಕೆ ಹಣಮವ್ವ ನಾಲ್ಕು ಪ್ರಶ್ನೆಯಲ್ಲಿ ಬಂದಿದ್ದಳು.

“ಸವದೈತೇನಂತ ನೋಡಾಕತ್ತಾರ್ರಿ. ಸಾವಿರ ಕೋಟಿ ವರ್ಷದ ಹಳೇ ಬೆಳಕು ತಗೊಂಡು ನೋಡ್ಯಾರ, ಇನ್ನೂತನಾ ಸವದದ್ದು ಕಂಡಿಲ್ಲ. ಆದ್ರೂ ನೋಡೂದು ಬಿಟ್ಟಿಲ್ಲ. ನಾ ಬಿಟ್ಟಿದ್ದೆ. ನನ್ನ ಮಾಪ ನಾ ಒಂದ ದಿನಾನೂ ನೋಡಲಿಲ್ಲ. ಅಕ್ಕನ್ನ ನೋಡಿದೆ.”

ಶೆಟ್ಟೆಪ್ಪ, “ನಾನೂ ಊರೆಲ್ಲಾ ಹೇಳ್ಯಾಡೇನವಾ, ನನ್ನ ಬಾಯಿಗೂ ಒಂದು ಮಾಪ ಇರಲಿಲ್ಲ,” ಎಂದ. ಹಣಮವ್ವ ಅಕ್ಕನ ಕಡೆ ತಿರುಗಿದಳು.

“ಗುಡ್ಡವ್ವಾ, ನೀ ಯಾಕ ಇಷ್ಟು ದಿನ ಒಂದು ಮಾತು ಆಡಲಿಲ್ಲ?”

“ಆಡಿದ್ರ ನೀ ನಂಬ್ತಿದ್ದೇನು?”

“ಇಲ್ಲ ಬಿಡು,” ಎಂದಳು ಹಣಮವ್ವ, ಸಂಕೋಚವಿಲ್ಲದೆ. “ಈಗ ನಂಬೇನಿ. ಅಧ್ಯಕ್ಷೆ ಅಂತ ಬರ್ಕೊಳ್ರೆ ಇಕಿ ಹೆಸರು. ಆದ್ರ ಒಂದು ಮಾತು, ಸಂಘಕ್ಕ ತಕ್ಕಡಿ ತಗೊಂಡ್ರ ಈ ಯಣ್ಣನ ಅಂಗಡಿಂದ ಬ್ಯಾಡ.”

ಕಟ್ಟೆಯೆಲ್ಲ ನಕ್ಕಿತು. ಅಕ್ಕನೂ. ಒಂಬತ್ತು ವರ್ಷದ ಮೇಲೆ ಆ ನಗು ನೋಡಿದೆ. ಮುಂದಿನ ಹಲ್ಲೊಂದು ಬಿದ್ದಿದೆ, ನನಗೆ ಗೊತ್ತೇ ಇರಲಿಲ್ಲ.

ಬಸ್ಸಿಗೆ ಹೊರಟಾಗ ಓಣಿಯ ತುದಿಯವರೆಗೆ ಬಂದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ರೊಟ್ಟಿ ಹತ್ತು ಬೇಕೆಂದಿದ್ದೆ. ಒಂದೊಂದಾಗಿ ಎಣಿಸಿ ಹಾಳೆಯಲ್ಲಿಟ್ಟಳು. ಹತ್ತರ ಮೇಲೆ ಇನ್ನೊಂದು ಇಟ್ಟು ಸುತ್ತಿದಳು.

“ಹತ್ತು ಅಂದೆನಲ್ಲ, ಅಕ್ಕಾ?”

“ನಿನ್ನ ಮಾಪ ಕಡಿಮಿ ಬರ್ತದಂತಲ್ಲಾ. ಮ್ಯಾಲೊಂದು ಚೂರು ಇರ್ಲಿ.”

ಬಸ್ಸು ಕಿಕ್ಕಿರಿದಿತ್ತು. ಕಿಲೋಗಳ ಚೀಲವನ್ನು ಕಾಲ ಬುಡಕ್ಕೆ ತಳ್ಳಿ, ರೊಟ್ಟಿಯ ಕಟ್ಟನ್ನು ಎದೆಗೆ ಹಿಡಿದುಕೊಂಡು ನಿಂತೇ ಬಂದೆ. ರೊಟ್ಟಿ, ತಟ್ಟಿ, ಕಟ್ಟಿ, ಗಟ್ಟಿ. ಪ್ರಾಸ ಬೇಕಾದಷ್ಟು ತಾನಾಗಿ ಬಂದು ನಿಂತವು. ಜೇಬಿನಿಂದ ಪೆನ್ನು ತೆಗೆಯಲು ಕೈ ಖಾಲಿ ಇರಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ಖಡಕ್ ರೊಟ್ಟಿ, ಅಷ್ಟು ನೂಕುನುಗ್ಗಲು. ಹನ್ನೊಂದೂ ಇಡಿಯಾಗಿದ್ದವು.